ಡೊಮೇನ್ ಬಿಲ್ ಬಂತಾ? ಕಳಿಸಿದ್ದು ಯಾರು ಅಂತ ಮೊದಲು ನೋಡಿ

ಅಮ್ಮನ ಹಲಸಿನ ಹಪ್ಪಳ ಮಾರಲು ಬದಿಯಡ್ಕದ ಮನೆಯಿಂದಲೇ ಒಂದು ವೆಬ್‌ಸೈಟ್ ನಡೆಸುತ್ತಿದ್ದೇನೆ. ಕಳೆದ ಮಳೆಗಾಲದಲ್ಲಿ ಅದರ ಡೊಮೇನ್ (ವೆಬ್‌ಸೈಟಿನ ವಿಳಾಸದ ಹೆಸರು) ಉಳಿಸಿಕೊಳ್ಳಲು ದುಡ್ಡು ಕಟ್ಟಿ ಅನ್ನುವಂಥ ಒಂದು ಮೇಲ್ ಬಂತು. ‘ಕೊನೆಯ ನೋಟಿಸ್’ ಅಂತ ಕೆಂಪು ಅಕ್ಷರ, ಕೆಳಗೆ 86 ಡಾಲರ್. “ಹಪ್ಪಳದ ಹೆಸರಿಗೂ ಇಷ್ಟು ಬಾಡಿಗೆಯಾ?” ಅಂದರು ಅಮ್ಮ. ನಾನು ಕಾರ್ಡ್ ತೆಗೆದೇ ಬಿಟ್ಟಿದ್ದೆ. ಕರೆಂಟ್ ಹೋಗಿ ವೈಫೈ ನಿಂತದ್ದೇ ಪುಣ್ಯ.

ಮತ್ತೆ ನಿಧಾನಕ್ಕೆ ಓದಿದೆ. ಅಡಿಯಲ್ಲಿ ಇರುವೆ ಸಾಲಿನಂಥ ಅಕ್ಷರದಲ್ಲಿ ‘ಇದು ಬಿಲ್ ಅಲ್ಲ, ಸರ್ಚ್ ಇಂಜಿನ್‌ಗೆ ಸೇರಿಸುವ ಸೇವೆ’ ಅಂತಿತ್ತು. ಡೊಮೇನ್‌ಗೂ ಅದಕ್ಕೂ ಸಂಬಂಧವೇ ಇಲ್ಲ!

ಇಂಥದ್ದು ಬಂದರೆ ಅದರ ಲಿಂಕ್ ಒತ್ತಬೇಡಿ. ಡೊಮೇನ್ ಕೊಂಡ ಕಂಪನಿಯ ವಿಳಾಸ ನೀವೇ ಟೈಪ್ ಮಾಡಿ, ಲಾಗಿನ್ ಆಗಿ ಡೊಮೇನ್ ಮುಗಿಯುವ ತಾರೀಕು ನೋಡಿ. ಯಾರ ಹತ್ತಿರ ಕೊಂಡದ್ದು ಅಂತ ಮರೆತಿದ್ದರೆ, ಡೊಮೇನ್ ಹೆಸರುಗಳ ವ್ಯವಸ್ಥೆ ನೋಡಿಕೊಳ್ಳುವ ಜಾಗತಿಕ ಸಂಸ್ಥೆ ಐಕ್ಯಾನ್‌ನ ಲುಕಪ್ ಪುಟದಲ್ಲಿ ಡೊಮೇನ್ ಹೆಸರು ಹಾಕಿ. ರಿಜಿಸ್ಟ್ರಾರ್ (ಡೊಮೇನ್ ನೋಂದಾಯಿಸಿದ ಕಂಪನಿ) ಯಾರು, ಯಾವಾಗ ಮುಗಿಯುತ್ತದೆ, ಎರಡೂ ಪುಕ್ಕಟೆ ಗೊತ್ತಾಗುತ್ತದೆ. ಡಾಟ್ ಕಾಮ್ ಆದರೆ ಅಸಲಿ ರಿಜಿಸ್ಟ್ರಾರ್ ಸುಮಾರು 1 ತಿಂಗಳು ಮೊದಲು, ಮತ್ತೆ 1 ವಾರ ಮೊದಲು ನೆನಪಿಸಲೇಬೇಕು. ಸುಮ್ನೆ ಗಡಿಬಿಡಿ ಯಾಕೆ, ಅಲ್ವಾ? ಟ್ರಾನ್ಸ್‌ಫರ್ ಲಾಕ್ (ಡೊಮೇನ್ ಬೇರೆ ಕಂಪನಿಗೆ ಹೋಗದಂತೆ ಬೀಗ) ಹಾಕಿಡಿ. ಡೊಮೇನ್ ಸಾಗಿಸಲು ಬೇಕಾದ ಗುಟ್ಟಿನ ಆಥ್ ಕೋಡ್ ಯಾರಿಗೂ ಕೊಡಬೇಡಿ, ಅದು ಸಿಕ್ಕರೆ ಡೊಮೇನನ್ನೇ ಬೇರೆ ಕಡೆ ಎಳೆದುಕೊಳ್ಳಬಹುದು.

ಅಂದ ಹಾಗೆ, ನನ್ನದು ಮುಗಿಯಲು ಇನ್ನೂ 7 ತಿಂಗಳಿತ್ತು.