ಹಲ್ಲೆಗೆ ಅಸಾಲ್ಟ್ ಎಂದು ಬರೆಯುವ ಮೊದಲು

ಸಂವಿಧಾನದ 348ನೇ ವಿಧಿಯಂತೆ ಹೈಕೋರ್ಟಿನ ಕಲಾಪ ಇಂಗ್ಲಿಷಿನಲ್ಲಿ ನಡೆಯುವುದರಿಂದ, ಕೆಳಗಿನ ನ್ಯಾಯಾಲಯದಲ್ಲಿ ಕನ್ನಡದಲ್ಲಿ ದಾಖಲಾದ ಫಿರ್ಯಾದು, ಪಂಚನಾಮೆ, ಸಾಕ್ಷಿ ಹೇಳಿಕೆಗಳನ್ನು ಮೇಲ್ಮನವಿಯ ಹೊತ್ತಿಗೆ ಅನುವಾದಿಸಬೇಕಾಗುತ್ತದೆ. ಧಾರವಾಡ ಪೀಠದ ವಕೀಲರಿಗಾಗಿ ನಾನು ಮಾಡುತ್ತಿರುವ ಕೆಲಸ ಇದು. ವಾಕ್ಯರಚನೆ ಬೇಗನೆ ಕೈಗೆ ಹತ್ತಿತು. ಆದರೆ ಮೇಲ್ನೋಟಕ್ಕೆ ಒಂದೇ ಅರ್ಥದಂತೆ ಕಾಣುವ ಎರಡು ಮೂರು ಇಂಗ್ಲಿಷ್ ಪದಗಳಲ್ಲಿ ಯಾವುದನ್ನು ಇಡಬೇಕೆಂದು ತೀರ್ಮಾನಿಸಲು ಇಂದಿಗೂ ಹೊತ್ತು ಹಿಡಿಯುತ್ತದೆ.

ಹಲ್ಲೆ ಎಂಬ ಮಾತನ್ನೇ ನೋಡಿ. ಠಾಣೆಯ ಕನ್ನಡದಲ್ಲಿ ಹಲ್ಲೆ ಎಂದರೆ ಹೊಡೆತ ಬಿದ್ದಿದೆ ಎಂದೇ ಅರ್ಥ. ನಿಘಂಟು ಕೂಡಲೇ ಅಸಾಲ್ಟ್ ಎನ್ನುತ್ತದೆ. ಆದರೆ ಭಾರತೀಯ ನ್ಯಾಯ ಸಂಹಿತೆಯ 130ನೇ ಕಲಮಿನ ಪ್ರಕಾರ, ಇನ್ನೇನು ಹೊಡೆದೇಬಿಡುತ್ತಾನೆ ಎಂಬ ಭಯ ಎದುರಿನವನಿಗೆ ಹುಟ್ಟುವಂತೆ ಕೈ ಎತ್ತಿದರೂ ಅಸಾಲ್ಟ್ ಆಗುತ್ತದೆ; ಮೈ ಮುಟ್ಟಲೇಬೇಕೆಂದಿಲ್ಲ. ಮೈಗೆ ನೋವಾಗಿದ್ದರೆ ಕಾನೂನಿನ ಪದ ಹರ್ಟ್, 114ನೇ ಕಲಮು. ಇಂಜುರಿ ಇನ್ನೂ ವಿಶಾಲವಾದದ್ದು: ಮೈಗಷ್ಟೇ ಅಲ್ಲ, ಮನಸ್ಸು, ಮಾನ, ಆಸ್ತಿಗೆ ಕಾನೂನುಬಾಹಿರವಾಗಿ ಆದ ಹಾನಿಯೂ ಅದರೊಳಗೆ ಬರುತ್ತದೆ. ಆದ್ದರಿಂದ ನಿಘಂಟಿಗಿಂತ ಮೊದಲು ಅಧಿನಿಯಮದ ವ್ಯಾಖ್ಯೆಯನ್ನು ತೆರೆಯುವುದು, ಎರಡು ಪದಗಳನ್ನು ಬೇರ್ಪಡಿಸುವ ಸಂಗತಿ ಯಾವುದೆಂದು ಹುಡುಕುವುದು, ಆ ಸಂಗತಿ ಮೂಲದಲ್ಲಿದೆಯೇ ಎಂದು ನೋಡುವುದು ನನಗೆ ರೂಢಿಯಾಗಿದೆ.

ಉದಾಹರಣೆಗೆ, ‘ಆರೋಪಿತನು ನನ್ನ ಮೇಲೆ ಹಲ್ಲೆ ಮಾಡಿ, ಕಪಾಳಕ್ಕೆ ಹೊಡೆದು, ಬಡಿಗೆಯಿಂದ ಎಡಗೈಗೆ ಬಡಿದು ರಕ್ತಗಾಯ ಪಡಿಸಿದನು’ ಎಂಬ ಸಾಲು ಬಂದರೆ, ಅಸಾಲ್ಟೆಡ್ ಎಂಬ ಒಂದೇ ಪದದಲ್ಲಿ ಅದನ್ನು ಮುಗಿಸುವುದಿಲ್ಲ. ಹಲ್ಲೆಗೆ ಅಟ್ಯಾಕ್ಡ್, ಕಪಾಳದ ಹೊಡೆತಕ್ಕೆ ಸ್ಲ್ಯಾಪ್ಡ್, ಬಡಿಗೆಯ ಹೊಡೆತಕ್ಕೆ ಬೀಟ್, ರಕ್ತಗಾಯಕ್ಕೆ ಕೋರ್ಟುಗಳಲ್ಲಿ ಬಳಕೆಯಲ್ಲಿರುವ ಬ್ಲೀಡಿಂಗ್ ಇಂಜುರಿ ಎಂದು ಬರೆಯುತ್ತೇನೆ. ಈ ಕೊನೆಯದು ಇಂಗ್ಲೆಂಡಿನವರಿಗೆ ವಿಚಿತ್ರವಾಗಿ ಕೇಳಿಸಬಹುದು. ನಮ್ಮ ಓದುಗರು ಅವರಲ್ಲ. ವೈದ್ಯರ ಪ್ರಮಾಣಪತ್ರದಲ್ಲಿರುವ ಅಬ್ರೇಷನ್, ಲ್ಯಾಸರೇಷನ್ ಮೊದಲಾದ ಪದಗಳನ್ನು ಫಿರ್ಯಾದಿಯ ಬಾಯಿಗೆ ಹಾಕುವುದಿಲ್ಲ. ತರಚಿತು ಎಂದು ಆತ ಹೇಳಿದ್ದರೆ ಸ್ಕ್ರೇಪ್ಡ್ ಸಾಕು.

ಕಳವಿನ ಪದಗಳಲ್ಲಿ ತೊಡಕು ಇನ್ನೂ ಹೆಚ್ಚು. ಹೆದರಿಸಿ, ಮಾಲೀಕನೇ ತೆಗೆದುಕೊಡುವಂತೆ ಮಾಡಿದರೆ ಎಕ್ಸ್‌ಟಾರ್ಷನ್. ಕಳವಿಗಾಗಿ ಹೊಡೆದರೆ ಅಥವಾ ಕಟ್ಟಿಹಾಕಿದರೆ ರಾಬರಿ. ಐವರು ಅಥವಾ ಅದಕ್ಕಿಂತ ಹೆಚ್ಚು ಜನ ಸೇರಿ ರಾಬರಿ ಮಾಡಿದರೆ ಡಕಾಯಿಟಿ. ಸುಲಿಗೆ ಎಂಬ ಕನ್ನಡ ಪದವಾದರೋ ಮೊದಲ ಎರಡಕ್ಕೂ ಬಳಕೆಯಾಗುತ್ತದೆ. ಜೊತೆಗೆ, ಸಂಹಿತೆ ಜಾರಿಗೆ ಬಂದ 2024ರ ಜುಲೈ 1ರಿಂದ ಸ್ನ್ಯಾಚಿಂಗ್ ಪ್ರತ್ಯೇಕ ಅಪರಾಧವಾಗಿದೆ. ಹಾಗಾಗಿ ಸರಗಳ್ಳತನದ ಕಡತ ಕೈಗೆ ಬಂದರೆ ಕೃತ್ಯದ ದಿನಾಂಕವನ್ನೂ ಕಲಮಿನ ಸಂಖ್ಯೆಯನ್ನೂ ಮೊದಲು ನೋಡುತ್ತೇನೆ. ಕಲಮು ನಮೂದಾಗಿರುವ ಕಡೆ ಅಧಿನಿಯಮದ ಪದ. ಸಾಕ್ಷಿ ಮಾತನಾಡುವ ಕಡೆ ಕ್ರಿಯೆಯನ್ನಷ್ಟೇ ಹೇಳುವ ಸಾದಾ ಪದ. ‘ಕೊರಳಲ್ಲಿನ ಸರ ಕಿತ್ತುಕೊಂಡು ಹೋದ’ ಎಂಬುದನ್ನು ರಾಬ್ಡ್ ಎಂದರೆ ನ್ಯಾಯಾಧೀಶರು ನಿರ್ಣಯಿಸಬೇಕಾದದ್ದನ್ನು ನಾನೇ ನಿರ್ಣಯಿಸಿದಂತಾಗುತ್ತದೆ. ಸಾಯಿಸಿದ ಎಂಬುದಕ್ಕೆ ಮರ್ಡರ್ಡ್ ಎನ್ನದೆ ಕಿಲ್ಡ್ ಎನ್ನುವುದೂ ಇದೇ ಕಾರಣಕ್ಕೆ; ಕೊಲೆ ಮರ್ಡರ್ ಆಗುವುದಕ್ಕೆ ಕಾನೂನು ಹಾಕಿರುವ ಷರತ್ತುಗಳು ಸಾಕ್ಷಿಯ ಬಾಯಲ್ಲಿರುವುದಿಲ್ಲ.

ಶಾಲೆಯಲ್ಲಿ ಒಂದೇ ಪದವನ್ನು ಮತ್ತೆ ಮತ್ತೆ ಬಳಸಬಾರದೆಂದು ಹೇಳಿಕೊಡುತ್ತಾರೆ. ಇಲ್ಲಿ ಅದು ಅಪಾಯಕಾರಿ. ಜಪ್ತಿ ಪಂಚನಾಮೆಯಲ್ಲಿ ಬಡಿಗೆಗೆ ಸ್ಟಿಕ್ ಎಂದು, ಸಾಕ್ಷಿ ಹೇಳಿಕೆಯಲ್ಲಿ ಅದೇ ಬಡಿಗೆಗೆ ಕ್ಲಬ್ ಎಂದು ಬರೆದರೆ, ಎರಡು ಆಯುಧಗಳಿದ್ದವು ಎಂಬ ವಾದಕ್ಕೆ ಅನುವಾದಕನೇ ದಾರಿ ಮಾಡಿಕೊಟ್ಟಂತೆ. ಆದ್ದರಿಂದ ಕಡತದ ಮೊದಲ ಪುಟ ತಿರುಗಿಸುವಾಗಲೇ ಆಯುಧ, ಗಾಯ, ಜಾಗ, ಸಂಬಂಧ ಇವುಗಳ ಪದಗಳನ್ನು ಒಂದು ಹಾಳೆಯಲ್ಲಿ ಬರೆದಿಟ್ಟು, ಕೊನೆಯ ಪುಟದವರೆಗೂ ಅವನ್ನೇ ಬಳಸುತ್ತೇನೆ. ಮೂಲದಲ್ಲೇ ಒಂದೆಡೆ ಬಡಿಗೆ, ಇನ್ನೊಂದೆಡೆ ಕೊಡಲಿಯ ಕಾವು ಎಂದಿದ್ದರೆ ಅನುವಾದದಲ್ಲಿಯೂ ಎರಡನ್ನು ಬೇರೆಯಾಗಿಯೇ ಉಳಿಸುತ್ತೇನೆ. ಆ ವ್ಯತ್ಯಾಸವನ್ನು ಸರಿಪಡಿಸಿ ಕೊಡಬಾರದೇಕೆ ಎಂದು ಕಿರಿಯ ವಕೀಲರು ಆಗಾಗ ಕೇಳುವುದುಂಟು. ಮೂಲದ ಆ ಎರಡು ಸಾಲುಗಳಿಗೆ ಗುರುತು ಹಾಕಿ ಅವರ ಮುಂದಿಡುತ್ತೇನೆ.