ಉಗ್ರಾಣದ ಇಲಿಗಳಿಗೆ ಏರ್ ರೈಫಲ್: ರಾತ್ರಿ ಕೆಲಸದ ನನ್ನ ಅನುಭವ

ಧಾನ್ಯದ ಉಗ್ರಾಣದ ಇಲಿಗಳನ್ನು ಏರ್ ರೈಫಲ್‌ನಿಂದಲೇ, ಅಂದರೆ ಗಾಳಿಯ ಒತ್ತಡದಿಂದ ಗುಂಡು ಹಾರಿಸುವ ಬಂದೂಕಿನಿಂದಲೇ, ಹತೋಟಿಗೆ ತರುತ್ತೇನೆ ಎಂದಾಗ ಬೋನು, ಪಾಷಾಣಗಳಲ್ಲಿ ಪಳಗಿದವರು ಯಾರೂ ಒಪ್ಪಲಿಲ್ಲ. ಅವರ ಆಕ್ಷೇಪದಲ್ಲಿ ಲೆಕ್ಕವಿತ್ತು. ಹೆಣ್ಣಿಲಿ ಮೂರು ವಾರಕ್ಕೆಲ್ಲ ಮರಿ ಹಾಕುತ್ತದೆ, ಒಂದು ಸೂಲಿಗೆ ಆರೇಳರಿಂದ ಹತ್ತು ಹನ್ನೆರಡು ಮರಿಗಳು ಹುಟ್ಟುತ್ತವೆ, ಆ ಮರಿಗಳೇ ಎರಡು ಮೂರು ತಿಂಗಳಲ್ಲಿ ಸೂಲಿಗೆ ಬರುತ್ತವೆ. ರಾತ್ರಿಗೆ ಒಂದೋ ಎರಡೋ ಹೊಡೆಯುವವನು ಈ ವೇಗವನ್ನು ಎಂದಿಗೂ ಹಿಂದಿಕ್ಕಲಾರ ಎಂಬುದು ಅವರ ವಾದವಾಗಿತ್ತು. ರಾತ್ರಿಗೆ ಒಂದೆರಡೇ ಆಗುವುದಾದರೆ ಆ ವಾದ ಸರಿಯಾದದ್ದೇ. ಆದರೆ ಅಳೆದು ಗೊತ್ತು ಮಾಡಿಕೊಂಡ ಒಂದೇ ದೂರದಲ್ಲಿ, ಅಂಗೈಯಗಲದ ಒಂದೇ ಜಾಗಕ್ಕೆ ಪ್ರತಿಯೊಂದು ಇಲಿಯೂ ತಾನಾಗಿ ಬಂದು, ಎರಡು ಮೂರು ಸೆಕೆಂಡು ತಲೆ ಅಲ್ಲಾಡಿಸದೆ ನಿಲ್ಲುವಂತೆ ಮಾಡಿದರೆ ಲೆಕ್ಕವೇ ಬದಲಾಗುತ್ತದೆ. ವ್ಯವಸ್ಥೆ ಪೂರ್ತಿ ಕೂಡಿಬಂದ ಮೊದಲ ರಾತ್ರಿ ನನಗೆ ಮೂವತ್ತರ ಆಸುಪಾಸು ಬಿದ್ದವು. ಆ ಮೇಲೆ ಅನುಮಾನದ ಮಾತು ಕೇಳಿಬರಲಿಲ್ಲ. ಹೇಗೆ ಮಾಡಿದೆ ಎಂಬ ಪ್ರಶ್ನೆ ಮಾತ್ರ ಬರತೊಡಗಿತು.

ಹಣದ ಮಾತನ್ನು ಮೊದಲೇ ಮುಗಿಸುತ್ತೇನೆ. ಬೆಳೆದ ಇಲಿ ದಿನಕ್ಕೆ ಸುಮಾರು 20ರಿಂದ 30 ಗ್ರಾಂ ಧಾನ್ಯ ತಿನ್ನುತ್ತದೆ. ನೂರು ಇಲಿಗಳಿದ್ದರೆ ದಿನಕ್ಕೆ ಎರಡೂವರೆ ಕಿಲೋ, ತಿಂಗಳಿಗೆ 50 ಕಿಲೋದ ಒಂದೂವರೆ ಚೀಲ ಹೊಟ್ಟೆಗೆ ಹೋಯಿತು. ಮೂತ್ರ ಮತ್ತು ಹಿಕ್ಕೆಯಿಂದ ಕೆಡುವ ಧಾನ್ಯ, ಕಡಿದ ಚೀಲಗಳು, ಹಲ್ಲಿಗೆ ಸಿಕ್ಕ ವಿದ್ಯುತ್ ತಂತಿಗಳು ಇದಕ್ಕೆ ಸೇರುತ್ತವೆ, ಮತ್ತು ನನ್ನಲ್ಲಿ ತಿಂದದ್ದಕ್ಕಿಂತ ಕೆಡಿಸಿದ್ದೇ ಹೆಚ್ಚಾಗಿತ್ತು. ಹೀಗಿರುವಾಗ ರೈಫಲ್, ಅದರ ಮೇಲೆ ಕೂರಿಸುವ ಗುರಿದುರ್ಬೀನು ಅಂದರೆ ಸ್ಕೋಪ್, ದೀಪ ಎಲ್ಲ ಸೇರಿ ಆದ ಖರ್ಚು ಒಂದು ಹಂಗಾಮಿನ ನಷ್ಟಕ್ಕಿಂತ ಕಡಿಮೆಯೇ. ಬೇಡದ ವಸ್ತುಗಳಿಗೆ ಸುರಿದದ್ದನ್ನು ಸೇರಿಸಿದರೆ ಮಾತ್ರ ಲೆಕ್ಕ ಸಮವಾಗುತ್ತದೆ.

ಪಾಷಾಣವನ್ನು ನಾನು ಕೈಬಿಟ್ಟದ್ದಕ್ಕೆ ಕಾರಣವಿದೆ. ಜಿಂಕ್ ಫಾಸ್ಫೈಡ್ ಇಟ್ಟಾಗ ಮೊದಲ ರಾತ್ರಿ ಕೆಲವು ಸತ್ತವು. ಅರೆಬರೆ ತಿಂದು ಬದುಕಿದವು ಮತ್ತೆ ಆ ತಿಂಡಿಯ ವಾಸನೆಯ ಹತ್ತಿರಕ್ಕೂ ಬರಲಿಲ್ಲ. ರಕ್ತ ಹೆಪ್ಪುಗಟ್ಟದಂತೆ ಮಾಡುವ ಗುಳಿಗೆಗಳಿಂದ ಇಲಿ ಸಾಯುವುದಕ್ಕೆ ಹಲವು ದಿನಗಳು ಹಿಡಿಯುತ್ತವೆ. ಅಷ್ಟರಲ್ಲಿ ಅದು ಗೋಡೆಯ ಸಂದಿಗೆ ಸೇರಿ ಕೊಳೆಯುತ್ತದೆ, ಇಲ್ಲವೇ ತೂರಾಡುತ್ತಾ ಬಯಲಿಗೆ ಬಂದು ಗೂಬೆಯ ಪಾಲಾಗಿ ಅದಕ್ಕೂ ವಿಷವೇರಿಸುತ್ತದೆ. ರಾತ್ರಿಯಿಡೀ ನಮ್ಮ ಕೆಲಸವನ್ನೇ ಮಾಡುವ ಹಕ್ಕಿಯನ್ನು ಕೊಂದುಕೊಂಡು ಇಲಿ ಹಿಡಿಯುವುದು ನನಗೆ ಸಹಿಸಲಾಗದ ಸಂಗತಿ. ಬೋನುಗಳಿಗೆ ಮರಿಗಳು ಬೀಳುತ್ತಿದ್ದವು. ದೊಡ್ಡವು ಅದನ್ನು ಸುತ್ತಿ ಹೋಗುತ್ತಿದ್ದವು. ಅಂಟುಹಾಳೆಯನ್ನು ನಾನು ಬಳಸುವುದಿಲ್ಲ, ಅದರ ಮೇಲೆ ಇಲಿ ರಾತ್ರಿಯೆಲ್ಲ ಒದ್ದಾಡುವುದನ್ನು ನೋಡಿದವರಿಗೆ ಕಾರಣ ಹೇಳಬೇಕಾಗಿಲ್ಲ.

ನನ್ನದು 5.5 ಮಿಲಿಮೀಟರ್ ನಳಿಗೆಯ, ಸುಮಾರು 16 ಜೂಲ್ ಶಕ್ತಿಯ ಸ್ಪ್ರಿಂಗ್ ರೈಫಲ್, ಅಂದರೆ ಒಳಗಿನ ಸ್ಪ್ರಿಂಗಿನ ಬಲದಿಂದ ಗಾಳಿಯನ್ನು ಒತ್ತುವ ಬಗೆಯದು. ಏರ್ ರೈಫಲ್‌ನ ಶಕ್ತಿಗೆ ಮತ್ತು ಪರವಾನಗಿಗೆ ಪ್ರತಿ ದೇಶದಲ್ಲೂ ಬೇರೆ ಬೇರೆ ನಿಯಮಗಳಿವೆ, ಅದನ್ನು ತಿಳಿದೇ ಕೊಳ್ಳಬೇಕು. 4.5 ಮಿಲಿಮೀಟರಿನದ್ದೂ ಸಾಕಾಗುತ್ತದೆ. ಆದರೆ ಹೆಗ್ಗಣದ ಗಾತ್ರದ ಪ್ರಾಣಿಗೆ ಒಂದು ಗ್ರಾಂ ತೂಕದ ಪೆಲೆಟ್ಟೇ (ಸೀಸದ ಚಿಕ್ಕ ಗುಂಡು) ನನಗೆ ಹೆಚ್ಚು ನೆಮ್ಮದಿ ಕೊಟ್ಟಿದೆ. ಸ್ಕೋಪಿನ ವಿಷಯದಲ್ಲಿ ಹಣ ಎರಡು ಬಾರಿ ಹೋಯಿತು. ಸ್ಪ್ರಿಂಗ್ ರೈಫಲ್ ಗುಂಡು ಹಾರುವಾಗ ಮೊದಲು ಹಿಂದಕ್ಕೂ ಆಮೇಲೆ ಮುಂದಕ್ಕೂ ಒದೆಯುತ್ತದೆ. ಮುಂದಕ್ಕಾಗುವ ಒದೆತಕ್ಕೆ ತಯಾರಿಸದ ಸ್ಕೋಪ್ ಎಷ್ಟೇ ಚೆಂದವಿದ್ದರೂ ಒಳಗಿನ ಗುರಿರೇಖೆ ಸಡಿಲವಾಗಿ, ಪ್ರತಿ ಹತ್ತು ಗುಂಡಿಗೆ ಒಂದೊಂದು ಕಡೆಗೆ ಸರಿಯುತ್ತದೆ. ಮಾರಿದವರು ಬಂದೂಕಿನದ್ದೇ ದೋಷವೆಂದು ವಾದಿಸಿದರು. ಮೂರನೆಯದಕ್ಕೆ ರೈಫಲ್‌ನ ಬೆಲೆಯ ಅರ್ಧದಷ್ಟು ಕೊಟ್ಟೆ, ಅದು ಇಂದಿಗೂ ಅಲುಗಿಲ್ಲ.

ದೂರದ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಹೆಚ್ಚಿನವರ ಗುಂಡು ತಪ್ಪುವುದು ಇಲ್ಲೇ. ಸ್ಕೋಪ್ ನಳಿಗೆಗಿಂತ ನಾಲ್ಕೂವರೆ ಸೆಂಟಿಮೀಟರಿನಷ್ಟು ಮೇಲಿರುವುದರಿಂದ ಹತ್ತಿರದಲ್ಲಿ ಪೆಲೆಟ್ ಗುರಿಗೆರೆಯ ಕೆಳಗೇ ಇರುತ್ತದೆ. ನನ್ನ ರೈಫಲ್ಲನ್ನು 20 ಮೀಟರಿಗೆ ಝೀರೋ ಮಾಡಿದರೆ, ಅಂದರೆ ಆ ದೂರದಲ್ಲಿ ಗುಂಡು ಸರಿಯಾಗಿ ಗುರಿಗೇ ಬೀಳುವಂತೆ ಸ್ಕೋಪನ್ನು ಹೊಂದಿಸಿದರೆ, 12ರಿಂದ 20 ಮೀಟರಿನವರೆಗೆ ಪೆಲೆಟ್ ಗುರಿಗೆರೆಯಿಂದ ಅರ್ಧ ಸೆಂಟಿಮೀಟರಿಗಿಂತ ಆಚೀಚೆ ಹೋಗುವುದಿಲ್ಲ. 8 ಮೀಟರಿನಲ್ಲಿ ಒಂದು ಸೆಂಟಿಮೀಟರ್ ಕೆಳಗೂ, 5 ಮೀಟರಿನಲ್ಲಿ ಎರಡು ಸೆಂಟಿಮೀಟರ್ ಕೆಳಗೂ ಬೀಳುತ್ತದೆ. ಇಲಿಯ ತಲೆಯಲ್ಲಿ ಒಂದೇ ಏಟಿಗೆ ಕೊಲ್ಲುವ ಜಾಗ, ಅಂದರೆ ಕಣ್ಣು ಮತ್ತು ಕಿವಿಯ ನಡುವಿನ ಭಾಗ, ಒಂದು ನಾಣ್ಯದಷ್ಟು. ಹೀಗಾಗಿ ಹತ್ತಿರ ಬಂದಷ್ಟೂ ಸುಲಭವೆಂದು ನಂಬಿ 5 ಮೀಟರಿನಲ್ಲಿ ಕಣ್ಣಿಗೇ ಗುರಿಯಿಟ್ಟವನ ಗುಂಡು ದವಡೆಗೆ ಬೀಳುತ್ತದೆ, ಗಾಯಗೊಂಡ ಇಲಿ ಬಿಲ ಸೇರುತ್ತದೆ. ನಾನು ಕೂರುವ ಜಾಗದಿಂದ ತಿಂಡಿಯಿಡುವ ಜಾಗಕ್ಕೆ ಟೇಪು ಹಿಡಿದು 14 ಮೀಟರ್ ಅಳೆದಿದ್ದೇನೆ, ಅದರಾಚೆ ಈಚೆ ಓಡಾಡುವುದಕ್ಕೆ ಗುಂಡು ಹಾರಿಸುವುದಿಲ್ಲ. ಬೆಳಗಿನ ಬಿಸಿಲಿನಲ್ಲಿ ಮಾಡಿದ ಝೀರೋ ರಾತ್ರಿಯ ತಂಪಿನಲ್ಲಿ ಹಾಗೇ ಉಳಿಯುತ್ತದೆಂದು ನಂಬಬಾರದು. ರೈಫಲ್ಲನ್ನು ಅರ್ಧ ಗಂಟೆ ಮೊದಲೇ ಹೊರಗಿಟ್ಟು, ಕಾಗದದ ಮೇಲೆ ನಾಲ್ಕು ಗುಂಡು ಹೊಡೆದು ನೋಡಿ ಆಮೇಲೆ ಕೂರುತ್ತೇನೆ. ಮರಳು ಚೀಲದ ಮೇಲೆ ಸ್ಪ್ರಿಂಗ್ ರೈಫಲ್ಲನ್ನು ನೇರವಾಗಿ ಊರಿದರೆ ಗುಂಡು ಮೇಲಕ್ಕೆ ಹೋಗುತ್ತದೆ. ಚೀಲದ ಮೇಲೆ ಎಡಗೈ, ಅಂಗೈಯಲ್ಲಿ ಸಡಿಲವಾಗಿ ರೈಫಲ್, ಇದೇ ನನ್ನ ಹಿಡಿತ.

ತಿಂಡಿಯ ಜಾಗವೇ ಈ ವಿಧಾನದ ಪ್ರಾಣ. ಇಲಿಗೆ ಹೊಸ ವಸ್ತುವೆಂದರೆ ಅಂಜಿಕೆ, ನಿನ್ನೆ ಇಲ್ಲದ ಹಲಗೆ ಇಂದು ಕಂಡರೆ ಎಷ್ಟೋ ದಿನ ಅದರಿಂದ ದೂರವೇ ಉಳಿಯುತ್ತದೆ. ಅದು ಬಯಲನ್ನು ದಾಟುವುದಕ್ಕೆ ಒಲ್ಲದೆ ಗೋಡೆಗೆ ಮೈ ತಾಗಿಸಿಕೊಂಡೇ ಓಡುತ್ತದೆ, ಹಾಗೆ ಓಡಿದ ಕಡೆ ಗೋಡೆಯ ಬುಡದಲ್ಲಿ ಕಪ್ಪು ಜಿಡ್ಡಿನ ಗೆರೆ ಮೂಡಿರುತ್ತದೆ. ಆ ಗೆರೆಯ ಮೇಲೆಯೇ ಹಲಗೆ ಇಟ್ಟು, ಒಂದು ವಾರಕ್ಕೂ ಹೆಚ್ಚು ಕಾಲ ಒಂದೂ ಗುಂಡು ಹಾರಿಸದೆ ತಿಂಡಿ ಹಾಕುತ್ತಾ ಹೋದೆ. ನೆಲಕ್ಕೆ ತೆಳುವಾಗಿ ಸುಣ್ಣದ ಪುಡಿ ಉದುರಿಸಿ ಬೆಳಿಗ್ಗೆ ಹೆಜ್ಜೆಗಳನ್ನು ನೋಡುತ್ತಿದ್ದೆ. ಮೊದಲ ದಿನಗಳಲ್ಲಿ ಹಲಗೆಯ ಸುತ್ತ ಮಾತ್ರ ಹೆಜ್ಜೆಗಳಿದ್ದವು, ನಂತರ ಅಂಚಿನಲ್ಲಿ ಕಂಡವು, ಕೊನೆಗೆ ನಡುವಿನ ಪುಡಿ ಕಲಸಿಹೋಗಿ ಒಂದು ಹೆಜ್ಜೆಯೂ ಬಿಡಿಯಾಗಿ ಕಾಣದಂತಾಯಿತು. ಆ ಗುರುತು ಕಂಡ ಮೇಲೆಯೇ ರೈಫಲ್ ಹಿಡಿದು ಕೂರಬೇಕು. ಈ ದಿನಗಳಲ್ಲಿ ಬೇರೆ ಧಾನ್ಯವನ್ನೆಲ್ಲ ಸಾಧ್ಯವಾದಷ್ಟು ಮುಚ್ಚಿಡಬೇಕು, ಇಲ್ಲದಿದ್ದರೆ ಅವು ನಮ್ಮ ಹಲಗೆಗೆ ಏಕೆ ಬರಬೇಕು?

ಕಾಳು ಇಟ್ಟರೆ ಇಲಿ ಬಾಯಲ್ಲಿ ಕಚ್ಚಿಕೊಂಡು ಓಡಿಹೋಗುತ್ತದೆ, ಗುರಿ ಹಿಡಿಯುವಷ್ಟು ಸಮಯ ಸಿಗುವುದಿಲ್ಲ. ಹೊತ್ತೊಯ್ಯಲಾಗದ ತಿಂಡಿ ಬೇಕು. ದಪ್ಪ ಮರದ ದಿಮ್ಮಿಯಲ್ಲಿ ಹೆಬ್ಬೆರಳಿನಗಲದ ತೂತು ಕೊರೆದು, ಅದರ ತಳಕ್ಕೆ ಶೇಂಗಾ ಅರೆದ ಮುದ್ದೆಯನ್ನು ಒತ್ತಿದೆ. ಇಲಿ ಮೂತಿಯನ್ನು ಒಳಗಿಟ್ಟು ನೆಕ್ಕುವಾಗ ಪಕ್ಕೆ ನನ್ನ ಕಡೆಗೆ, ಕಿವಿ ಪೂರ್ತಿ ಹೊರಗೆ, ತಲೆ ಅಲುಗಾಡದೆ ಇರುತ್ತದೆ. ತೂತಿನ ಓರೆ ಎಷ್ಟಿರಬೇಕೆಂಬುದನ್ನು ನಾನು ಬಹಳ ಸಮಯ ಕಳೆದು ಕಂಡುಕೊಂಡಿದ್ದೇನೆ. ಅದನ್ನೂ, ಮುದ್ದೆಗೆ ಬೆರೆಸುವ ಇನ್ನೊಂದು ವಸ್ತುವನ್ನೂ ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ. ದಿಮ್ಮಿಯನ್ನು ತಿರುಗಿಸಿ ತಿರುಗಿಸಿ ನೋಡುವ ತಾಳ್ಮೆ ಇದ್ದವರಿಗೆ ಉತ್ತರ ಸಿಗುತ್ತದೆ. ಬೇಸಿಗೆಯಲ್ಲಿ ನೀರನ್ನೂ ಪ್ರಯೋಗಿಸಿದೆ. ಒಣ ಧಾನ್ಯ ತಿನ್ನುವ ಇಲಿಗೆ ನೀರು ಬೇಕೇ ಬೇಕು, ಸುತ್ತಮುತ್ತ ಎಲ್ಲೂ ತೇವವಿಲ್ಲದಾಗ ಆಳವಿಲ್ಲದ ಒಂದು ತಟ್ಟೆ ನೀರು ಶೇಂಗಾಕ್ಕಿಂತ ಚೆನ್ನಾಗಿ ಕೆಲಸ ಮಾಡಿತು. ಮಳೆ ಬಂದ ಮೇಲೆ ಅದರಿಂದ ಏನೂ ಪ್ರಯೋಜನವಿಲ್ಲ.

ದಿಮ್ಮಿಯ ಹಿಂದೆ ಏನಿದೆ ಎಂಬುದು ದಿಮ್ಮಿಯಷ್ಟೇ ಮುಖ್ಯ. ಕಾಂಕ್ರೀಟಿಗೆ ಬಡಿದ ಸೀಸದ ಪೆಲೆಟ್ ಎತ್ತ ಬೇಕಾದರೂ ಸಿಡಿಯುತ್ತದೆ. ತಗಡಿಗೆ ಬಡಿದರೆ ಆ ಸದ್ದಿಗೆ ಇಡೀ ಉಗ್ರಾಣ ಬರಿದಾಗುತ್ತದೆ. ಮರದ ಪೆಟ್ಟಿಗೆಗೆ ಹಳೆಯ ಬಟ್ಟೆಯನ್ನೂ ಮರಳನ್ನೂ ತುಂಬಿ ಹಿಂದೆ ನಿಲ್ಲಿಸಿದ್ದೇನೆ. ತೊಲೆಯ ಮೇಲಿನ ಇಲಿಗೆ ಗುಂಡು ಹಾರಿಸುವುದಿಲ್ಲ, ಅಲ್ಲಿ ಸೂರಿನ ಹೊರತು ಗುಂಡು ತಡೆಯುವುದು ಏನೂ ಇಲ್ಲ. ಕಣ್ಣು ಕಾಯುವ ಕನ್ನಡಕ ಹಾಕದೆ ಕೂರುವುದಿಲ್ಲ, ಆ ಹೊತ್ತಿನಲ್ಲಿ ಉಗ್ರಾಣದ ಬಾಗಿಲಿಗೆ ಒಳಗಿನಿಂದ ಅಗುಳಿ ಹಾಕಿರುತ್ತೇನೆ.

ಬೆಳಕಿಗೆ ಸುರಿದ ಹಣವೇ ಹೆಚ್ಚು. ಬಿಳಿ ಟಾರ್ಚಿನಲ್ಲಿ ಮೊದಲ ಇಲಿ ಸಿಗುತ್ತದೆ, ಎರಡನೆಯದು ಸಿಗುವುದಿಲ್ಲ. ಹಸಿರು ಗಾಜನ್ನು ಹಾಕಿದೆ, ನನ್ನ ಕಣ್ಣಿಗೆ ಬಹಳ ಸ್ಪಷ್ಟವಾಗಿ ಕಂಡಿತು, ಇಲಿಯ ಕಣ್ಣಿಗೂ ಅಷ್ಟೇ ಸ್ಪಷ್ಟವಾಗಿ ಕಂಡಿತು. ಅದರ ಕಣ್ಣು ಹಸಿರಿಗೆ ಚುರುಕು, ಕೆಂಪಿಗೆ ಬಹಳ ಮಂದ. ಗಾಢ ಕೆಂಪು ದೀಪ ಹಾಕಿದಂದಿನಿಂದ ಅವು ಬೆಳಕಿನಲ್ಲೇ ಕುಳಿತು ತಿನ್ನತೊಡಗಿದವು. ದೀಪವನ್ನು ಒಮ್ಮೆಲೇ ಹೊತ್ತಿಸದೆ, ಮಂದವಾಗಿ ಸಂಜೆಯಿಂದಲೇ ಉರಿಯಲು ಬಿಡುವುದು ಇನ್ನೂ ಒಳ್ಳೆಯದು. ನಂತರ ಕತ್ತಲನ್ನು ಕ್ಯಾಮೆರಾದ ಪರದೆಯ ಮೇಲೆ ನೋಡುವ ಡಿಜಿಟಲ್ ನೈಟ್ ವಿಷನ್‌ಗೆ ಹೋದೆ. 850 ನ್ಯಾನೋಮೀಟರಿನ ಇನ್‌ಫ್ರಾರೆಡ್ (ಕಣ್ಣಿಗೆ ಕಾಣದ ಬೆಳಕಿನ) ದೀಪ ದೂರಕ್ಕೆ ಬೀಳುತ್ತದೆ, ಆದರೆ ಅದರ ಮುಖದಲ್ಲಿ ನಸುಗೆಂಪು ಚುಕ್ಕೆ ಕಾಣುತ್ತದೆ. 940 ನ್ಯಾನೋಮೀಟರಿನದ್ದರಲ್ಲಿ ಚುಕ್ಕೆ ಕಾಣುವುದಿಲ್ಲ, ಆದರೆ ಕ್ಯಾಮೆರಾಕ್ಕೆ ಸಿಗುವ ಬೆಳಕು ಕಡಿಮೆ. 14 ಮೀಟರಿಗೆ ಎರಡೂ ಸಾಕು. ಅಲ್ಲಿ ಬಂದ ತೊಂದರೆ ಬೇರೆಯದು: ಪರದೆಯ ಬೆಳಕು ನನ್ನ ಮುಖಕ್ಕೇ ಬಿದ್ದು, ಕೆನ್ನೆ ಅಲುಗಿದರೂ ಇಲಿಗಳು ಓಡುತ್ತಿದ್ದವು. ರಬ್ಬರಿನ ಕಣ್ಣುಬಟ್ಟಲು ಹಾಕಿದ ಮೇಲೆ ಅದು ನಿಂತಿತು. ನಿಜ ಹೇಳಬೇಕೆಂದರೆ, ಇಷ್ಟು ಹತ್ತಿರದ ಕೆಲಸಕ್ಕೆ ಕೆಂಪು ದೀಪದಲ್ಲಿ ಆಗುವುದಕ್ಕಿಂತ ನೈಟ್ ವಿಷನ್‌ನಲ್ಲಿ ಹೆಚ್ಚೇನೂ ಆಗಲಿಲ್ಲ, ಖರ್ಚು ಮಾತ್ರ ಏಳೆಂಟು ಪಟ್ಟಾಯಿತು.

ಒಂದು ಇಲಿ ಬಿದ್ದ ಕೂಡಲೇ ಎದ್ದು ಹೋಗಿ ಎತ್ತುವವರು ಆ ರಾತ್ರಿಯನ್ನು ಅಲ್ಲಿಗೇ ಮುಗಿಸಿದಂತೆ. ಬಿದ್ದದ್ದು ಬಿದ್ದಲ್ಲೇ ಇರಲಿ. ಹತ್ತು ನಿಮಿಷದೊಳಗೆ ಇನ್ನೊಂದು ಬರುತ್ತದೆ, ಸತ್ತದ್ದನ್ನು ಮೂಸಿ ನೋಡಿ ಅದನ್ನು ದಾಟಿಕೊಂಡು ತೂತಿಗೆ ಮೂತಿಯಿಡುತ್ತದೆ. ಕತ್ತಲಾದ ಮೊದಲ ಎರಡು ಮೂರು ಗಂಟೆಗಳಲ್ಲೇ ಮುಕ್ಕಾಲು ಪಾಲು ಕೆಲಸವಾಗುತ್ತದೆ. ನಡುರಾತ್ರಿಯ ನಂತರ ನಾನು ಕೂರುವುದಿಲ್ಲ. ಎರಡು ಮೂರು ರಾತ್ರಿ ಸತತವಾಗಿ ಹೊಡೆದು, ಮತ್ತೆ ಕೆಲವು ದಿನ ಬರೀ ತಿಂಡಿ ಹಾಕಿ ಬಿಡುತ್ತೇನೆ, ಅಷ್ಟರಲ್ಲಿ ಉಳಿದವುಗಳ ಅಂಜಿಕೆ ಇಳಿದಿರುತ್ತದೆ. ಪೆಲೆಟ್‌ಗಳನ್ನು ತೂಗಿ ಬೇರ್ಪಡಿಸುವ, ತೊಳೆದು ಎಣ್ಣೆ ಸವರುವ ಪ್ರಯೋಗವನ್ನೂ ಮಾಡಿದೆ. ಈ ದೂರದಲ್ಲಿ ಅದರಿಂದ ಕಾಗದದ ಮೇಲೂ ವ್ಯತ್ಯಾಸ ಕಾಣಲಿಲ್ಲ. ದುಂಡು ತಲೆಯ ಪೆಲೆಟ್‌ಗಳ ನಾಲ್ಕೈದು ಬಗೆಗಳನ್ನು ಹೊಡೆದು ನೋಡಿ ನಳಿಗೆಗೆ ಒಗ್ಗುವ ಒಂದನ್ನು ಆರಿಸಿಕೊಂಡರೆ ಸಾಕು.

ಸತ್ತ ಇಲಿಯನ್ನು ಬರಿಗೈಯಲ್ಲಿ ಮುಟ್ಟಬಾರದು, ಅದರ ಮೂತ್ರದಿಂದ ಇಲಿಜ್ವರ ಬರುತ್ತದೆ. ಕೈಗವಸು ಹಾಕಿ, ಇಕ್ಕುಳದಿಂದ ಎತ್ತಿ, ಮೊಣಕಾಲಾಳದ ಗುಂಡಿಯಲ್ಲಿ ಹೂಳುತ್ತೇನೆ. ಹೊರಗೆ ಎಸೆದರೆ ಒಳಗಿನ ಸೀಸ ಗೂಬೆಗೂ ನಾಯಿಗೂ ಸೇರುತ್ತದೆ. ಇಲಿಗಳ ಸಂಖ್ಯೆ ಇಳಿದ ಮೇಲೆ ಬಿಲಗಳನ್ನೂ ಗೋಡೆಯ ಸಂದಿಗಳನ್ನೂ ತಂತಿಬಲೆ ತುರುಕಿ ಸಿಮೆಂಟಿನಿಂದ ಮುಚ್ಚಿದೆ, ಹೆಬ್ಬೆರಳು ತೂರುವಷ್ಟು ಸಂದಿಯನ್ನೂ ಬಿಡಲಿಲ್ಲ. ಈಗ ತಿಂಗಳಿಗೆ ಒಂದೆರಡು ರಾತ್ರಿ ಕುಳಿತರೆ ಸಾಕಾಗುತ್ತಿದೆ, ಹೊರಗಿನಿಂದ ಹೊಸದಾಗಿ ಬಂದ ನಾಲ್ಕೈದು ಸಿಗುತ್ತವೆ. ದಿಮ್ಮಿಯ ಸುತ್ತ ಸುಣ್ಣದ ಪುಡಿ ಉದುರಿಸುವುದನ್ನು ಮಾತ್ರ ನಿಲ್ಲಿಸಿಲ್ಲ. ಯಾವ ರಾತ್ರಿ ಕೂರಬೇಕೆಂಬುದನ್ನು ಈಗಲೂ ಅದನ್ನು ನೋಡಿಯೇ ತೀರ್ಮಾನಿಸುತ್ತೇನೆ.