ದಕ್ಕೆಯ ಐಸಿನಲ್ಲಿ ಕಟ್ಟಿದ ಅರಮನೆ

ಮದುವೆ ಮಂಟಪಕ್ಕೆ ಥರ್ಮಾಕೋಲ್ ಕೆತ್ತುವುದು ನನ್ನ ಕಸುಬು. ಡಿಸೆಂಬರಿನಲ್ಲಿ ಗೋದಲಿಯೂ (ಯೇಸು ಹುಟ್ಟಿದ ಕೊಟ್ಟಿಗೆಯ ಮಾದರಿ) ಮಾಡಿಕೊಡುತ್ತೇನೆ. ಮಂಗಳೂರಿನ ಒಂದು ಕ್ರಿಸ್‌ಮಸ್ ಮೇಳದವರು "ಈ ಸಲ ನಿಜವಾದ ಐಸಿನ ಅರಮನೆ ಬೇಕು, ಒಂದೇ ಸಂಜೆಗೆ" ಅಂದಾಗ ಹೂಂ ಅಂದುಬಿಟ್ಟೆ. ಆ ರಾತ್ರಿ ನಿದ್ದೆ ಬರಲಿಲ್ಲ.

ಅವರು ತೋರಿಸಿದ್ದು ಅಮೆರಿಕದ ಸೇಂಟ್ ಪಾಲ್ ನಗರದ ಚಿತ್ರ. ಅಲ್ಲಿ 1886ರ ಚಳಿಗಾಲದ ಉತ್ಸವಕ್ಕೆ ಮೊದಲ ಸಲ ಐಸಿನ ಅರಮನೆ ಕಟ್ಟಿದರು. ಆಮೇಲೂ ಆಗಾಗ ಕಟ್ಟಿದ್ದಾರೆ. ಹೆಪ್ಪುಗಟ್ಟಿದ ಕೆರೆಯಿಂದ ಐಸ್ ಕೊಯ್ದು, ಒಂದರ ಮೇಲೊಂದು ಇಟ್ಟು, ನಡುವೆ ನೀರು ಹೊಯ್ದರೆ ಅದೇ ಸಿಮೆಂಟು. ನಮ್ಮಲ್ಲಿ ಡಿಸೆಂಬರಿನ ಮಧ್ಯಾಹ್ನ 32-33 ಡಿಗ್ರಿ. ಇಲ್ಲಿ ನೀರು ಹೊಯ್ದರೆ ಇದ್ದ ಐಸೂ ಹೋಗುತ್ತದೆ.

ಐಸ್ ಮಾತ್ರ ನಮ್ಮಲ್ಲಿ ಧಾರಾಳ, ಮೀನಿನ ದಯೆಯಿಂದ. ದಕ್ಕೆ, ಅಂದರೆ ಮೀನಿನ ಬಂದರು, ಅದರ ಹತ್ತಿರದ ಐಸ್ ಪ್ಲಾಂಟಿನಲ್ಲಿ 50 ಕೆಜಿಯ 40 ಬ್ಲಾಕ್ ಹೇಳಿದೆ. "ಎಂಥ ಮಾರಾಯ್ರೆ, ಇಷ್ಟು ಐಸಿಗೆ ಮೀನೆಲ್ಲಿ?" ಅಂತ ಅಲ್ಲಿಯವರು ನಕ್ಕರು.

ಪ್ಲಾಂಟಿನಲ್ಲಿ ತಗಡಿನ ಡಬ್ಬಿಗೆ ನೀರು ತುಂಬಿ, ಸೊನ್ನೆಗಿಂತ ತಣ್ಣಗಿನ ಉಪ್ಪುನೀರಿನ ತೊಟ್ಟಿಗೆ ಇಳಿಸುತ್ತಾರೆ. ನೀರು ಅಂಚಿನಿಂದ ಒಳಕ್ಕೆ ಗಟ್ಟಿಯಾಗುತ್ತದೆ. ಅದರಲ್ಲಿದ್ದ ಗಾಳಿ, ಕಲ್ಮಶ ಎಲ್ಲ ನಡುವಿಗೆ ಸರಿದು ಹಾಲಿನಂಥ ಬಿಳುಪು ಉಳಿಯುತ್ತದೆ. ಮೀನಿಗೇನು, ಐಸ್ ಬೆಳ್ಳಗಿದ್ದರೂ ಒಂದೇ, ತಿಳಿಯಾಗಿದ್ದರೂ ಒಂದೇ. ನನಗೆ ಮೊದಲು ಬೇಜಾರಾಯಿತು. ಆದರೆ ಹಿಂದಿನಿಂದ ನೀಲಿ ಎಲ್‌ಇಡಿ ಬಿಟ್ಟು ನೋಡಿದರೆ ಹೊಳೆದದ್ದು ಆ ಬಿಳಿ ಭಾಗವೇ! ತಿಳಿ ಐಸಿನಲ್ಲಿ ಬೆಳಕು ಸುಮ್ನೆ ದಾಟಿ ಹೋಗುತ್ತದೆ. ಹಾಗಾಗಿ ಅಂಚಿನ ತಿಳಿ ಐಸ್ ಕಿಟಕಿಗೆ, ಬಿಳಿ ನಡು ಗೋಡೆಗೆ.

ಮೊದಲ ಪ್ರಯೋಗ ಪೂರ್ತಿ ಎಡವಟ್ಟು. ತೊಟ್ಟಿಯಿಂದ ಆಗಷ್ಟೇ ತೆಗೆದ ಬ್ಲಾಕಿಗೆ ಉಳಿ ಇಟ್ಟೆ, ಟಪ್ ಅಂತ ಸೀಳಿತು. ಅದರ ಮೈ ಸ್ವಲ್ಪ ಬೆವರುವವರೆಗೆ ಕಾಯಬೇಕು. ಜಾಸ್ತಿ ಕಾದರೆ ಇನ್ನೊಂದು ತೊಂದರೆ, ಒಳಗಿನ ತಂಪು ಹೋಗಿ ಎರಡು ಬ್ಲಾಕ್ ಅಂಟುವುದೇ ಇಲ್ಲ. ಅಂಟಬೇಕಾದರೆ ಎರಡೂ ಮುಖ ಪೂರ್ತಿ ಸಪಾಟಾಗಿರಬೇಕು, ಒಳಗೆ ಇನ್ನೂ ಸೊನ್ನೆಗಿಂತ ತಣ್ಣಗಿರಬೇಕು. ಸಪಾಟು ಮಾಡಲು ಮನೆಯ ದೋಸೆ ಕಾವಲಿ ಒಯ್ದಿದ್ದೆ. ಅದರ ನಡು ತಗ್ಗು ಅಂತ ಅವತ್ತೇ ಗೊತ್ತಾದದ್ದು! ಕೊನೆಗೆ ದಪ್ಪ ಅಲ್ಯುಮಿನಿಯಂ ತಗಡನ್ನು ಸ್ವಲ್ಪ ಬೆಚ್ಚಗೆ ಮಾಡಿ, ಬಟ್ಟೆಗೆ ಇಸ್ತ್ರಿ ಹಾಕಿದ ಹಾಗೆ ಎಳೆದೆ. ತಕ್ಷಣ ಒತ್ತಿ ಹಿಡಿದರೆ ನಡುವಿನ ನೀರಿನ ಪದರ ಹೆಪ್ಪುಗಟ್ಟಿ ಕೂರುತ್ತದೆ.

ವೇದಿಕೆ ಬೇಡ ಅಂತ ಮೊದಲೇ ಹೇಳಿದ್ದೆ. ಎರಡು ಟನ್ ಭಾರ, ಅಲ್ವಾ? ಸಿಮೆಂಟ್ ನೆಲದ ಮೇಲೆ ಥರ್ಮಾಕೋಲ್, ಅದರ ಮೇಲೆ ಟಾರ್ಪಾಲು, ಹಿಂದೆ ಚರಂಡಿಗೆ ಒಂದು ಪೈಪು. ಗೋಪುರ ಎರಡು, ಆರಡಿ ಎತ್ತರ. ಬುಡ ದಪ್ಪ, ತುದಿ ಸಪೂರ, ಎರಡನ್ನೂ ಸ್ವಲ್ಪ ಒಳಕ್ಕೆ ವಾಲಿಸಿದ್ದೆ. ಬಿದ್ದರೆ ಜನರ ಮೇಲಲ್ಲ, ಅಂಗಳದೊಳಗೇ ಬೀಳಲಿ ಅಂತ. ಅರಮನೆಯ ಚಿತ್ರಕ್ಕಿಂತ ಮೊದಲು ಅದು ಬೀಳುವ ಚಿತ್ರ ಬರೆದಿದ್ದೆ.

ಸಂಜೆ ಐದಕ್ಕೆ ತೆರೆದೆವು. ಆರೂವರೆಗೆ ಬಲಗೋಡೆ ಬೇಗ ಬೇಗ ತೆಳ್ಳಗಾಗುತ್ತಿದೆ. ನೋಡಿದರೆ, ಜನರಿಗೆ ಸೆಕೆ ಅಂತ ಯಾರೋ ದೊಡ್ಡ ಫ್ಯಾನು ತಂದಿಟ್ಟಿದ್ದರು! ಕಡಲ ಊರಿನ ಗಾಳಿಯಲ್ಲಿ ಪಸೆ ಜಾಸ್ತಿ. ಆ ಪಸೆ ಐಸಿನ ಮೇಲೆ ನೀರಾಗಿ ಕೂರುವಾಗ ಬಿಸಿ ಬಿಟ್ಟುಕೊಡುತ್ತದೆ. ಹಾಗೆ ಕೂತ ಒಂದು ಕೆಜಿ ನೀರು ಏಳು ಕೆಜಿ ಐಸನ್ನಾದರೂ ಕರಗಿಸುತ್ತದೆ. ಬಿಸಿಲಿಗೆ ಹೆದರಿದ್ದ ನಾನು ಗಾಳಿಯನ್ನು ಮರೆತಿದ್ದೆ. ಫ್ಯಾನು ತೆಗೆಸಿ ಬದಿಗೆ ಪ್ಲಾಸ್ಟಿಕ್ ಪರದೆ ಕಟ್ಟಿಸಿದೆ.

ಎಡಗೋಪುರ ಬಿದ್ದದ್ದು ಹತ್ತಕ್ಕೆ ಹದಿನೈದು ನಿಮಿಷ ಇರುವಾಗ, ಒಳಕ್ಕೇ. ಮಕ್ಕಳು ಚಪ್ಪಾಳೆ ಹೊಡೆದರು, ಅದೂ ಕಾರ್ಯಕ್ರಮದಲ್ಲಿ ಇದ್ದದ್ದೇ ಅಂದುಕೊಂಡು. ಮರುದಿನ ಟಾರ್ಪಾಲು ಮಡಚಲು ಹೋದಾಗ ಒಂದು ಬ್ಲಾಕಿನ ತುಂಡು ಇನ್ನೂ ಉಳಿದಿತ್ತು. ಬೀದಿ ನಾಯಿಯೊಂದು ಅದನ್ನು ನೆಕ್ಕುತ್ತಾ ಕೂತಿತ್ತು.